ಎರಡು ಸ್ವರಗಳ ನಡುವಿನ ಗೆರೆ

ಆ ಒಂದು ಗೆರೆ ಇಲ್ಲದಿದ್ದರೆ ಕೆಲಸ ಬೆಳಿಗ್ಗೆಯೇ ಮುಗಿದುಹೋಗುತ್ತಿತ್ತು. ಅವಳು ಎದ್ದು ಹೋಗಿ ಮೆಟ್ಟಿಲ ಮೇಲೆ ನಿಂತು ಒಂದು ಲೋಟ ಚಹಾ ಕುಡಿಯಬಹುದಾಗಿತ್ತು, ಯಾರನ್ನೂ ನೆನೆಯದೆ ಒಂದು ದಿನವನ್ನು ದಾಟಿಸಬಹುದಾಗಿತ್ತು. ಗೆರೆಯೆಂದರೆ ದೊಡ್ಡದೇನಲ್ಲ. ಕತ್ತರಿಸಿ ಬಿದ್ದ ಉಗುರಿನಷ್ಟು, ಅಷ್ಟೇ ಬಾಗು. ಪೆನ್ಸಿಲಿನಲ್ಲಿ ಎಳೆದದ್ದು. ಅಕ್ಕಪಕ್ಕ ಕೂತ ಎರಡು ಸ್ವರಗಳ ನೆತ್ತಿಗೆ ಯಾರೋ ಕೊಡೆ ಹಿಡಿದ ಹಾಗೆ ನಿಂತಿತ್ತು. ಅದರ ಹಿಂದಿನದನ್ನೂ ಮುಂದಿನದನ್ನೂ ಅವಳು ಟೈಪು ಮಾಡಿ ಮುಗಿಸಿದ್ದಳು. ಇದರ ಬಳಿ ಬಂದಾಗ ಮಾತ್ರ ಬೆರಳು ಕೀಲಿಯ ಮೇಲೆ ಇಟ್ಟದ್ದು ಇಟ್ಟಂತೆಯೇ ಉಳಿಯುತ್ತಿತ್ತು. ಪರದೆಯ ಮೇಲಿನ ಸಣ್ಣ ಕಡ್ಡಿ ಮಿಟುಕುತ್ತ, ಏನೆಂದು ಹೇಳು, ಏನೆಂದು ಹೇಳು ಎಂದು ಪೀಡಿಸುತ್ತಿತ್ತು.

ಅವಳು ಕೂರುವುದು ವಾದ್ಯವೃಂದದ ಕಟ್ಟಡದ ನೆಲಮಾಳಿಗೆಯಲ್ಲಿ. ಬೀದಿಯ ಮಟ್ಟಕ್ಕೆ ಒಂದು ಉದ್ದನೆಯ ಕಿಟಕಿಯಿತ್ತು. ಅದರಲ್ಲಿ ದಿನವಿಡೀ ಜನರ ಕಾಲುಗಳು ಮಾತ್ರ ಕಾಣುತ್ತಿದ್ದವು. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳಲ್ಲಿ ಕೈಯಲ್ಲಿ ಬರೆದ ಸಂಗೀತದ ಹಾಳೆಗಳು. ಹಳೆಯ ಶಾಯಿ ಕಾಗದವನ್ನು ತಿನ್ನುತ್ತಿದೆಯೆಂದು ಗೊತ್ತಾದ ಮೇಲೆ, ಅವನ್ನೆಲ್ಲ ಕಂಪ್ಯೂಟರಿಗೆ ಅರ್ಥವಾಗುವ ಸಾದಾ ಅಕ್ಷರಗಳಿಗೆ ಇಳಿಸುವ ಕೆಲಸ ಶುರುವಾಗಿ ಅವಳ ಪಾಲಿಗೆ ಬಂದಿತ್ತು. ಹಾಳೆಯ ಫೋಟೋ ತೆಗೆದಿಟ್ಟರೆ ಕಂಪ್ಯೂಟರಿಗೆ ಅದು ಬರಿಯ ಕಪ್ಪು ಚುಕ್ಕೆ. ಅಕ್ಷರದಲ್ಲಿ ಬರೆದರೆ ಮಾತ್ರ ಅದು ಸಂಗೀತ: ಒಂದೊಂದು ಸ್ವರಕ್ಕೆ ಒಂದೊಂದು ಅಕ್ಷರ, ಅದು ಎಷ್ಟು ಹೊತ್ತು ನಿಲ್ಲಬೇಕೆನ್ನುವುದಕ್ಕೆ ಪಕ್ಕದಲ್ಲಿ ಒಂದು ಅಂಕಿ, ಮೇಲಿನ ಸ್ಥಾಯಿಗೆ ಒಂದು ಒಂಟಿ ಉದ್ಧರಣ ಚಿಹ್ನೆ, ಕೆಳಗಿನದಕ್ಕೆ ಅಲ್ಪವಿರಾಮ. ಮೌನಕ್ಕೂ ಒಂದು ಅಕ್ಷರವಿತ್ತು, ಮೌನವೂ ಅಳತೆಯಲ್ಲಿರಬೇಕಿತ್ತು. ಹೀಗೆ ಬರೆದ ಒಂದೇ ಫೈಲಿನಿಂದ ದೊಡ್ಡ ಅಕ್ಷರದ ಹಾಳೆ ಬೇಕೆಂದವರಿಗೆ ಅದು, ಕಣ್ಣು ಕಾಣದವರಿಗೆ ಬ್ರೈಲ್, ಯಾವುದು ಬೇಕೋ ಅದನ್ನು ತೆಗೆಯಬಹುದು. ಮೊದಲ ದಿನ ಅವಳು ತನಗೆ ಬಾಯಿಪಾಠವಾಗಿದ್ದ ಒಂದು ಶೋಕಗೀತೆಯನ್ನು ಟೈಪು ಮಾಡಿ ನೋಡಿದ್ದಳು. ಅದು ಪರದೆಯ ಮೇಲೆ, ಬೆಕ್ಕು ಕೀಲಿಮಣೆ ತುಳಿದು ಹೋದಂತೆ ಕಾಣಿಸಿತ್ತು. ಈಗ ಅಭ್ಯಾಸವಾಗಿ, ಆ ಬೆಕ್ಕಿನ ಹೆಜ್ಜೆಗಳನ್ನು ನೋಡುತ್ತಿದ್ದಂತೆಯೇ ಗಂಟಲೊಳಗೆ ಹಾಡು ಎದ್ದುಬಿಡುತ್ತಿತ್ತು. ಮೇಲಿನ ಮಹಡಿಯ ವಾದಕರು ಅವಳನ್ನು ಅಕ್ಷರಕ್ಕ ಎನ್ನುತ್ತಿದ್ದರು. ಮೊದಲು ತಮಾಷೆಗೆ, ಆಮೇಲೆ ಅವಳ ಬೇರೆ ಹೆಸರು ಮರೆತುಹೋದದ್ದಕ್ಕೆ. ಅವಳೂ ಒಂದು ಕಾಲದಲ್ಲಿ ಆ ಮಹಡಿಯಲ್ಲೇ ಪಿಟೀಲಿನಂಥದೇ, ಅದಕ್ಕಿಂತ ತುಸು ದೊಡ್ಡದಾದ ವಯೋಲಾ ಹಿಡಿದು ಕೂರುತ್ತಿದ್ದವಳೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ. ಗೊತ್ತಿದ್ದವರು ಗೊತ್ತಿಲ್ಲದಂತೆ ಇರುತ್ತಿದ್ದರು, ಅದು ಅವರ ಒಳ್ಳೆಯತನ, ಅದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

ಒಂದೇ ಎತ್ತರದ ಎರಡು ಸ್ವರಗಳ ಮೇಲೆ ಇಂಥ ಗೆರೆ ಬಂದರೆ ಅದಕ್ಕೆ ಎರಡು ಅರ್ಥ. ಎರಡನೆಯದನ್ನು ಬೇರೆಯಾಗಿ ನುಡಿಸಬೇಡ, ಮೊದಲನೆಯದನ್ನೇ ಎಳೆದು ಹಿಡಿ ಎಂಬುದು ಒಂದು. ಎರಡನ್ನೂ ಕಮಾನಿನ ಒಂದೇ ಎಳೆತದಲ್ಲಿ ನುಡಿಸು, ನಡುವೆ ಉಸಿರಿನಷ್ಟು ತಡೆ ಎಂಬುದು ಇನ್ನೊಂದು. ಕಾಗದದ ಮೇಲೆ ಎರಡಕ್ಕೂ ಒಂದೇ ಗೆರೆ. ಕಾಗದಕ್ಕೆ ಸಂಶಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಸುಮ್ಮನಿರುವುದು ಗೊತ್ತು. ಫೈಲಿಗೆ ಗೊತ್ತಿಲ್ಲ. ಎಳೆದು ಹಿಡಿಯುವುದಾದರೆ ಅಲೆಯಂಥ ಒಂದು ಗುರುತು ಹಾಕಬೇಕು, ತಡೆದು ನುಡಿಸುವುದಾದರೆ ಕಂಸ ತೆರೆದು ಮುಚ್ಚಬೇಕು. ಎರಡೂ ಇರಬಹುದು ಎನ್ನುವುದಕ್ಕೆ ಅಲ್ಲಿ ಗುರುತೇ ಇರಲಿಲ್ಲ.

“ಇನ್ನೂ ಅದೇ ಹಾಳೆಯಲ್ಲಿದ್ದೀರಾ?” ಎಂದು ಈ ಹಾಳೆಗಳ ಭಂಡಾರದ ಮುಖ್ಯಸ್ಥರು ಬಾಗಿಲಲ್ಲಿ ನಿಂತು ಕೇಳಿದರು. ಒಳಗೆ ಬಂದರೆ ಧೂಳಿಗೆ ಸೀನುತ್ತಿದ್ದುದರಿಂದ ಅವರು ಎಲ್ಲವನ್ನೂ ಬಾಗಿಲಲ್ಲೇ ಕೇಳುವವರು.

“ಒಂದು ಕಡೆ ಸ್ವಲ್ಪ ಅನುಮಾನ ಇದೆ ಸರ್.”

“ಏನಾದ್ರೂ ಒಂದು ಹಾಕಿಬಿಡಿ. ಮಿಕ್ಕ ಹಾಳೆಗಳೆಲ್ಲ ಹೋಗಾಯ್ತು, ಮಧ್ಯಾಹ್ನಕ್ಕೆ ಇದರ ಬ್ರೈಲ್ ತೆಗೀಬೇಕು, ಸಂಜೆ ಪಿಯಾನೊದವರು ಅಭ್ಯಾಸಕ್ಕೆ ಬರ್ತಾರೆ. ಯಾರಿಗೆ ಗೊತ್ತಾಗುತ್ತೆ, ಒಂದು ಗೆರೆ?”

ಆಗಲಿ ಎಂದು ತಲೆಯಾಡಿಸಿದಳು. ಬೆಳಿಗ್ಗೆಯಿಂದ ಅವಳು ಎಲ್ಲದಕ್ಕೂ ತಲೆಯಾಡಿಸಿಯೇ ಬಂದಿದ್ದಳು. ಅಣ್ಣನ ಮನೆಯಲ್ಲಿ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅವಳ ವಾಸ. ಇವತ್ತು ಅತ್ತಿಗೆ ಬಟ್ಟೆ ಮಡಚುತ್ತ, “ಅಲ್ವೇ, ಮೊದಲು ನಿನ್ನ ವಾದ್ಯದ ಸದ್ದಿಗೆ ಪಕ್ಕದ ಮನೆಯವರು ಗೋಡೆ ಬಡೀತಿದ್ರು. ಈಗ ನೋಡು, ನೀನು ದಿನಾ ಸಂಗೀತದಲ್ಲೇ ಇರ್ತೀಯ, ಒಂಚೂರೂ ಸದ್ದಿಲ್ಲ. ಎಲ್ಲರಿಗೂ ನೆಮ್ಮದಿ,” ಎಂದಿದ್ದಳು. ಅತ್ತಿಗೆಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಾತಿನ ಕೊನೆಗೆ ನಾದಿನಿಯ ಕುಪ್ಪಸದ ಕಿತ್ತ ಗುಂಡಿಯನ್ನು ಹೊಲಿದೂ ಕೊಟ್ಟಿದ್ದಳು. ಅದಕ್ಕೇ ಸಿಟ್ಟು ಮಾಡಿಕೊಳ್ಳಲೂ ಆಗದೆ, ಸದ್ದಿಲ್ಲ ಎಂಬ ಮಾತು ಮಾತ್ರ ಬಸ್ಸಿನ ದಾರಿಯುದ್ದಕ್ಕೂ ಜೊತೆಗೆ ಬಂದಿತ್ತು.

ಇಪ್ಪತ್ತು ವರ್ಷದ ಹಿಂದೆ, ಈ ಕೃತಿ ಬರೆದ ಮೇಷ್ಟ್ರ ಕೋಣೆ ಅವರ ಮನೆಯ ಮೇಲಂತಸ್ತಿನಲ್ಲಿತ್ತು. ಪಿಯಾನೊ ಕೋಣೆಯ ಮುಕ್ಕಾಲು ಪಾಲನ್ನು ನುಂಗಿ, ಉಳಿದ ಸಂದಿಯಲ್ಲಿ ಅವಳ ಕುರ್ಚಿ. ಸಂಗೀತ ರಚಿಸುವವರನ್ನು ಬೇರೆಯವರು ಏನೇನೋ ಗೌರವದ ಮಾತಿನಿಂದ ಕರೆಯುತ್ತಿದ್ದರು. ವಾದ್ಯವೃಂದದವರಿಗೆಲ್ಲ ಅವರು ಮೇಷ್ಟ್ರೇ. ವಯೋಲಾ ಮತ್ತು ಪಿಯಾನೊಗೆಂದು ಬರೆದ ಈ ಕೃತಿಯನ್ನು ಇಡೀ ಚಳಿಗಾಲ ಅವರಿಬ್ಬರೇ ಕೂತು ನುಡಿಸಿದ್ದರು. ಮಧ್ಯಾಹ್ನದ ಬೆಳಕು ಪಿಯಾನೊದ ಮುಚ್ಚಳದಿಂದ ಜಾರಿ ನೆಲಕ್ಕೆ ಬೀಳುವ ಹೊತ್ತಿಗೆ ಶುರು, ಹಾಳೆ ಕಾಣದಂತಾದಾಗ ಮುಕ್ತಾಯ. ಅವರು ಅವಳಿಗೆ ಏನನ್ನೂ ಹೇಳಿರಲಿಲ್ಲ, ಅವಳೂ ಏನನ್ನೂ ಕೇಳಿರಲಿಲ್ಲ. ಅವರಿಗೆ ಹೆಂಡತಿಯಿದ್ದರು, ಪಕ್ಕದ ಕೋಣೆಯಲ್ಲಿ ಆಕೆ ಪಾತ್ರೆ ಇಡುವ ಸದ್ದು ಕೇಳಿಸುತ್ತಿತ್ತು. ಆದರೂ ಅವರು ಒಂದು ಸ್ವರವನ್ನು ಮುಗಿಸದೆ ಅವಳಿಗಾಗಿ ಕಾಯುವ ರೀತಿಯಲ್ಲಿ, ಅವಳು ಕಮಾನು ಎತ್ತಿದಾಗ ಅವರ ಭುಜವೂ ಮೇಲೇಳುವುದರಲ್ಲಿ, ಆಡದೆ ಉಳಿದದ್ದೆಲ್ಲ ಇದೆಯೆಂದು ಅವಳು ನಂಬಿದ್ದಳು. ನಲವತ್ತೊಂದನೆಯ ಮನೆಯಲ್ಲಿ (ಎರಡು ನಿಂತ ಗೆರೆಗಳ ನಡುವಿನ ಜಾಗವನ್ನು ಅಲ್ಲಿ ಮನೆಯೆಂದೇ ಕರೆಯುತ್ತಿದ್ದರು) ಪಿಯಾನೊ ಸುಮ್ಮನಾಗುತ್ತದೆ. ವಯೋಲಾ ಒಂದೇ ಉಳಿದು ಒಂದು ಸ್ವರ ನುಡಿಸಿ, ನಿಂತು, ಅದೇ ಸ್ವರವನ್ನು ಮತ್ತೊಮ್ಮೆ ನುಡಿಸಬೇಕು. ಆ ಮತ್ತೊಮ್ಮೆಯಲ್ಲಿ ಅವಳ ಬಲಗೈಯ ಕಿರುಬೆರಳು ತಾನಾಗಿಯೇ ಮಡಚಿಕೊಳ್ಳತೊಡಗಿತ್ತು. ಕಮಾನು ತಂತಿಯ ಮೇಲೆ ಕೂರುವ ಬದಲು ಅದುರಿ, ಸ್ವರ ಬಿರುಕು ಬಿಟ್ಟ ಬಟ್ಟಲಿನ ಸದ್ದಿನಂತೆ ಹೊರಡುತ್ತಿತ್ತು. ಹಿಡಿತ ಬಿಗಿ ಮಾಡಿದಷ್ಟೂ ಬೆರಳು ಒಳಗೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ಮೂರನೆಯ ಸಲ ಹಾಗಾದಾಗ ಅವರು ಎದ್ದು ಹೋಗಿ ಕಿಟಕಿ ತೆರೆದರು. ತಣ್ಣನೆಯ ಗಾಳಿ ಬಂತು. ಮರಳಿ ಬಂದು ಅವಳ ಭುಜದ ಮೇಲಿಂದ ಬಾಗಿ, ಅವಳ ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಈಗ ನೋಡು ಎಂದರು. ಅವರ ಸ್ವೆಟರಿನಿಂದ ಸಾಬೂನಿನ ವಾಸನೆ ಬರುತ್ತಿತ್ತು. ಅವಳು ಎರಡನೆಯ ಸ್ವರವನ್ನು ಶುರು ಮಾಡದೆ ಮೊದಲನೆಯದನ್ನೇ ಎಳೆದು ಹಿಡಿದಳು. ಅಂದರೆ ಅವರಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಒಂದು ಮಾತೂ ಆಡದೆ, ತಾವು ಬರೆದ ಸಂಗೀತವನ್ನೇ ಅವಳ ಬೆರಳಿಗೆ ತಕ್ಕಂತೆ ಬಾಗಿಸಿದ್ದರು. ಇಪ್ಪತ್ತು ವರ್ಷದಿಂದ ಅವಳು ಬೇರೆ ಯಾರ ಹತ್ತಿರವೂ ಏನೂ ಬಯಸದೆ ಬಾಳಿದ್ದು ಆ ಮಧ್ಯಾಹ್ನವನ್ನು ನೆಚ್ಚಿಕೊಂಡೇ. ಆಮೇಲೆ ಎರಡು ದಿನ ಅವಳು ಅಭ್ಯಾಸಕ್ಕೆ ಹೋಗಲಿಲ್ಲ. ಬೆರಳಿಗೆ ಬಿಸಿನೀರು ಹಾಕಿಕೊಂಡು ಮನೆಯಲ್ಲೇ ಇದ್ದಳು. ಮೂರನೆಯ ದಿನ ಹೋದಾಗ ಬಾಗಿಲು ತೆರೆದೇ ಇತ್ತು, ಅವಳ ಕುರ್ಚಿಯಲ್ಲಿ ಬೇರೊಬ್ಬ ಕೂತು ನುಡಿಸುತ್ತಿದ್ದ. ವಾದ್ಯದ ಪೆಟ್ಟಿಗೆ ಗೋಡೆಗೆ ಢಿಕ್ಕಿ ಹೊಡೆಯುತ್ತಿದ್ದರೂ ಲೆಕ್ಕಿಸದೆ ಅವಳು ಮೆಟ್ಟಿಲಿಳಿದು ಬಂದಿದ್ದಳು. ಆಮೇಲೆ ತೋರಿಸಿಕೊಂಡಾಗ, ಕೈಗೆ ಏನೂ ಆಗಿಲ್ಲ, ಕಮಾನು ಹಿಡಿಯೋದನ್ನ ನಿಮ್ಮ ಮಿದುಳು ತಪ್ಪಾಗಿ ಕಲಿತುಬಿಟ್ಟಿದೆ ಅಷ್ಟೇ, ಎಂದರು ಡಾಕ್ಟರು. ಚಾಕು ಹಿಡಿಯಬಹುದು, ಸೂಜಿ ಹಿಡಿಯಬಹುದು, ಟೈಪು ಮಾಡಬಹುದು. ಹೊರಗೆ ಬಂದು ಅವಳು ಬೀದಿಯಲ್ಲಿ ನಕ್ಕುಬಿಟ್ಟಿದ್ದಳು: ಸಾಲ ಪಡೆದವರು ಕೈಕೊಡುತ್ತಾರೆ, ಸ್ನೇಹಿತರು ಕೈಕೊಡುತ್ತಾರೆ, ತನಗೆ ತನ್ನ ಕೈಯೇ ಕೈಕೊಟ್ಟಿತಲ್ಲ ಎಂದು.

ಕೊನೆಗೆ ಅವಳು ಅಲೆಯ ಗುರುತನ್ನೇ ಹಾಕಿದಳು. ಎಳೆದು ಹಿಡಿ. ಹಾಕಿದ ಮೇಲೂ ಮನಸ್ಸು ನಿಲ್ಲದೆ, ಕೆಳಗಿನ ಸಾಲಿಗೆ ಹೋಗಿ ಒಂದು ಶೇಕಡಾ ಚಿಹ್ನೆ ಒತ್ತಿದಳು. ಆ ಚಿಹ್ನೆಯ ಮುಂದೆ ಏನು ಬರೆದರೂ ಕಂಪ್ಯೂಟರು ಅದನ್ನು ಸಂಗೀತವೆಂದು ಎಣಿಸದೆ ಹಾರಿಸಿ ಮುಂದೆ ಹೋಗುತ್ತದೆ. ಅಚ್ಚಿನಲ್ಲಿ ಬರುವುದಿಲ್ಲ, ಬ್ರೈಲಿನಲ್ಲೂ ಏಳುವುದಿಲ್ಲ. ಟೈಪು ಮಾಡುವವರು ತಮಗೆ ತಾವೇ ಗುರುತು ಮಾಡಿಕೊಳ್ಳಲು ಇಟ್ಟ ಜಾಗ ಅದು. ಶುರುವಿನಲ್ಲಿ ಅವಳು ಅಲ್ಲಿ, ಇಲ್ಲಿ ಶಾಯಿ ಹರಡಿದೆ, ಇಲ್ಲಿ ಹಾಳೆ ಹರಿದಿದೆ, ಎಂದಷ್ಟೇ ಬರೆಯುತ್ತಿದ್ದಳು. ಬರುಬರುತ್ತ ಸಲಿಗೆ ಬೆಳೆದಿತ್ತು. ಮುಗಿಯದ ಒಂದು ಮೆರವಣಿಗೆಯ ಸಂಗೀತದ ನಡುವೆ, ಸಾಕು ಮಾರಾಯ ಎಂದು ಈ ಮನುಷ್ಯನಿಗೆ ಯಾರೂ ಹೇಳಲಿಲ್ಲವೇ, ಎಂದು ಬರೆದಿದ್ದಳು. ಈ ಕೃತಿಗೆ ಬಂದ ಮೇಲಂತೂ ಪ್ರತಿ ಹಾಳೆಯಲ್ಲೂ ಶೇಕಡಾ ಚಿಹ್ನೆಗಳು: ಇಲ್ಲಿ ಅವರು ಕಾಯುತ್ತಿದ್ದರು. ಇಲ್ಲಿ ಪಕ್ಕದ ಕೋಣೆಯಲ್ಲಿ ಪಾತ್ರೆ ಬಿತ್ತು, ಇಬ್ಬರೂ ನಕ್ಕೆವು. ಇಲ್ಲಿ ಅವರು ಕಿಟಕಿ ತೆರೆದರು. ಗಟ್ಟಿಯಾಗಿ ಒಮ್ಮೆಯೂ ಆಡದ ಮಾತುಗಳನ್ನು, ಯಾರೂ ಓದದ ಸಾಲುಗಳಲ್ಲಿ ಹೀಗೆ ಹರಡುತ್ತ ಹೋಗುವುದು, ತುಂಬಿದ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡು ಒಬ್ಬಳೇ ಇದ್ದೇನೆಂದು ತಿಳಿದ ಹಾಗೆ, ಹಿತವಾಗಿತ್ತು. ನಲವತ್ತೊಂದನೆಯ ಮನೆಯ ಕೆಳಗೆ ಅವಳು ಬರೆದಳು: ಈ ಗೆರೆ ನನ್ನ ಕೈಗಾಗಿ ಎಳೆದದ್ದು ಇರಬೇಕು. ಬರೆದು, ಮತ್ತೆ ಓದದೆ, ಫೈಲನ್ನು ಕಳಿಸಿಬಿಟ್ಟಳು.

ಊಟದ ಹೊತ್ತಿಗೆ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಪಿಯಾನೊದವರು. ಹುಟ್ಟಿನಿಂದ ಕಣ್ಣಿಲ್ಲದ ಅವರು ಒಂದೊಂದು ಕೃತಿಯನ್ನೂ ಜೊತೆಯವರ ಸ್ವರದ ಸಮೇತ ಬಾಯಿಪಾಠ ಮಾಡಿಕೊಂಡೇ ವೇದಿಕೆ ಹತ್ತುವವರು. ಅವಳ ಫೈಲುಗಳಿಗೆ ಮೊದಲ ಗಿರಾಕಿ.

“ಅಕ್ಷರಕ್ಕ, ಒಂದು ಅನುಮಾನ. ನಲವತ್ತೊಂದರಲ್ಲಿ ನೀವು ಎಳೆದು ಹಿಡಿ ಅಂತ ಹಾಕಿದ್ದೀರಿ.”

“ಹೌದು.”

“ಅಲ್ಲಿ ನನಗೆ ಕೆಲಸ ಇಲ್ಲ, ಸುಮ್ಮನೆ ಕೂತಿರ್ತೀನಿ. ವಯೋಲಾದಾಕೆ ಎರಡನೇ ಸಲ ಶುರು ಮಾಡೋದು ಕೇಳಿಸಿದ್ರೆ ಎಣಿಸಿಕೊಂಡು ಒಳಗೆ ಬರಬಹುದು. ಎಳೆದು ಹಿಡಿದ್ರೆ ಕತ್ತಲಲ್ಲಿ ತಡಕಾಡಬೇಕು. ಕತ್ತಲು ನನಗೇನು ಹೊಸದಲ್ಲ, ಆದ್ರೂ ಕೇಳ್ತೀನಿ.” ಅವರು ತಮ್ಮ ಮಾತಿಗೆ ತಾವೇ ನಕ್ಕು, ಆಮೇಲೆ ದನಿ ತಗ್ಗಿಸಿದರು. “ಮೇಲಿನ ಸಾಲಲ್ಲಿ ಎಳೆದು ಹಿಡಿ ಅಂತೀರಿ. ಕೆಳಗಿನ ಸಾಲಲ್ಲಿ, ನನ್ನ ಕೈಗಾಗಿ ಎಳೆದದ್ದು ಇರಬೇಕು ಅಂತೀರಿ. ನಾನು ಯಾವ ಸಾಲನ್ನ ನಂಬಲಿ?”

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ, ಬೀದಿಯಲ್ಲಿ ಹೋಗುತ್ತಿದ್ದ ಕಾಲುಗಳೆಲ್ಲ ಒಮ್ಮೆಗೇ ನಿಂತು ಬಗ್ಗಿ ಒಳಗೆ ಇಣುಕಿದಂತೆ ಅನ್ನಿಸಿತು. “ಅದು ಬ್ರೈಲಿನಲ್ಲಿ ಬರಲ್ಲ,” ಎಂದಳು, ತನ್ನದಲ್ಲದ ದನಿಯಲ್ಲಿ.

“ಬರಲ್ಲ. ನಾನು ಬ್ರೈಲಿಗೆ ಕಾಯೋದೇ ಇಲ್ಲ. ನಿಮ್ಮ ಫೈಲ್ ಬಂದ ತಕ್ಷಣ ಕಂಪ್ಯೂಟರಿಗೆ ಓದು ಅಂತೀನಿ. ಅಕ್ಷರ ಇದ್ದದ್ದನ್ನ ಇದ್ದ ಹಾಗೆ ಓದುತ್ತೆ. ಅದಕ್ಕೆ ನಾಚಿಕೆ ಗೀಚಿಕೆ ಇಲ್ಲ ನೋಡಿ.”

“ಎಲ್ಲಾ ಫೈಲೂ?”

“ಮೆರವಣಿಗೆಯವನಿಗೆ ನೀವು ಬೈದದ್ದೂ ಸೇರಿ. ಅವತ್ತು ತುಂಬಾ ನಕ್ಕಿದ್ದೆ.” ಆಮೇಲೆ ಗಂಭೀರರಾಗಿ, “ಮೊದಲೇ ಹೇಳಬೇಕಿತ್ತು ನಾನು. ಹೇಳಿದ್ರೆ ನಿಲ್ಲಿಸಿಬಿಡ್ತೀರಿ ಅಂತ ಹೇಳಲಿಲ್ಲ. ತಪ್ಪು ನನ್ನದೇ. ಈಗ ಆ ಗೆರೆ ಮಾತ್ರ ಯಾರನ್ನಾದರೂ ಕೇಳಿ ಹೇಳಿ. ಬರೆದವರು ಇದೇ ಊರಲ್ಲಿ ಇದ್ದಾರಲ್ವಾ?”

ಫೋನು ಇಟ್ಟ ಮೇಲೆ ಅವಳು ಎರಡೂ ಕೈಯಿಂದ ಮುಖ ಒರೆಸಿಕೊಂಡಳು. ಅಳು ಬಂದಿರಲಿಲ್ಲ, ಮುಖದ ಮೇಲೆ ಯಾರದೋ ಬೆರಳು ಓಡಾಡಿದಂತಿತ್ತು. ಪಾತ್ರೆ ಬಿದ್ದದ್ದು, ಕಿಟಕಿ, ಕಾಯುತ್ತಿದ್ದುದು, ಎಲ್ಲವೂ ಕಂಪ್ಯೂಟರಿನ ಆ ಒಣ ದನಿಯಲ್ಲಿ, ಒಂದಕ್ಕೊಂದು ವ್ಯತ್ಯಾಸವಿಲ್ಲದೆ, ಸ್ವರದ ಅಕ್ಷರಗಳ ನಡುವೆ, ಯಾರದೋ ಮನೆಯಲ್ಲಿ ಗಟ್ಟಿಯಾಗಿ ಓದಿಸಿಕೊಂಡಿದ್ದವು. ಓಡಿಹೋಗಬೇಕೆನ್ನಿಸಿತು. ವಿಚಿತ್ರವೆಂದರೆ ನಾಚಿಕೆಯ ತಳದಲ್ಲಿ ಬೇರೇನೋ ಇತ್ತು. ಇಷ್ಟು ವರ್ಷದಲ್ಲಿ ಒಬ್ಬರಾದರೂ ತನ್ನನ್ನು ಕೇಳಿಸಿಕೊಂಡಿದ್ದರು. ಆದರೆ ಕೇಳಿಸಿಕೊಂಡವರು ಬೇರೆಯವರು, ಮೇಷ್ಟ್ರಲ್ಲ.

ಅವಳು ಮೆಟ್ಟಿಲ ತಿರುವಿನಲ್ಲಿ ನಿಂತು ಮೇಷ್ಟ್ರ ಮನೆಗೆ ಫೋನು ಮಾಡಿದಳು. ಸಂಖ್ಯೆ ಬದಲಾಗಿರಬಹುದೆಂದು ಆಸೆಯಿತ್ತು. ಹೆಂಡತಿ ಎತ್ತಿಕೊಂಡರು. ಭಂಡಾರದಿಂದ ಎಂದಷ್ಟೇ ಹೇಳಿದಳು. “ರೀ, ಭಂಡಾರದಿಂದಂತೆ,” ಎಂದು ಆಕೆ ಕೂಗಿದ್ದು, ಚಪ್ಪಲಿ ಎಳೆಯುತ್ತ ಯಾರೋ ಬರುವುದು, ರಿಸೀವರು ಕೈ ಬದಲಾಗುವುದು.

“ಮೇಷ್ಟ್ರೇ, ನಾನು.”

“ಓ, ನೀನಾ,” ಎಂದರು ಅವರು. ಅಷ್ಟೇ. ಇಷ್ಟು ವರ್ಷವಾದರೂ ದನಿಯಿಂದಲೇ ಹಿಡಿದರಲ್ಲ ಎಂದು ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಏನು ಕೇಳಬೇಕೆಂದು ಬರೆದುಕೊಂಡಿದ್ದವಳಂತೆ ಒಂದೇ ಉಸಿರಿಗೆ ಕೇಳಿದಳು: ನಲವತ್ತೊಂದನೆಯ ಮನೆ, ಪಿಯಾನೊ ನಿಲ್ಲುವ ಜಾಗ, ಎರಡು ಸ್ವರದ ಮೇಲೆ ಪೆನ್ಸಿಲಿನ ಗೆರೆ, ಅದಕ್ಕೆ ಏನರ್ಥ.

“ಪೆನ್ಸಿಲಾ?” ಎಂದರು. “ಹಾಗಿದ್ರೆ ಅದು ನನ್ನದಲ್ಲ ಕಣಮ್ಮ. ನಾನು ಪೆನ್ಸಿಲ್ ಮುಟ್ಟಿದ್ದು ಯಾವಾಗ? ಶಾಯಿಯಲ್ಲಿ ಇರೋದು ನಂದು, ಪೆನ್ಸಿಲ್ಲೆಲ್ಲಾ ನುಡಿಸೋರದು. ನಿಂದಿರಬೇಕು, ಇಲ್ಲಾ ನಿನ್ನ ಆಮೇಲೆ ಬಂದನಲ್ಲ, ಅವನದ್ದು.”

“ನೀವೇ ಎಳೆದ್ರಿ. ಎದ್ದು ಹೋಗಿ ಕಿಟಕಿ ತೆಗೆದು ಬಂದು, ಆಮೇಲೆ.”

“ಕಿಟಕಿನಾ?” ಅವರು ನಕ್ಕರು. ನಗುವಿನ ಹಿಂದೆಯೇ ಕೆಮ್ಮು ಬಂತು. “ಆ ಕೋಣೆ ಕಿಟಕಿ ತೆಗೆಯೋಕೇ ಬರ್ತಿರಲಿಲ್ಲವಲ್ಲ. ಬಣ್ಣ ಬಳಿಯೋರು ಬಾಗಿಲು ಚೌಕಟ್ಟು ಎಲ್ಲಾ ಸೇರಿಸಿ ಬಳಿದು ಅಂಟಿಸಿಬಿಟ್ಟಿದ್ರು. ಮನೆ ಬಿಡೋವರೆಗೂ ಹಾಗೇ ಇತ್ತು. ಇವಳನ್ನ ಕೇಳು ಬೇಕಾದ್ರೆ.”

ತಣ್ಣನೆಯ ಗಾಳಿ ಬಂದದ್ದು ಅವಳ ಕೆನ್ನೆಗೆ ಇನ್ನೂ ನೆನಪಿತ್ತು.

“ನನ್ನ ಕೈ ಸರಿ ಇರಲಿಲ್ಲ ಆಗ,” ಎಂದಳು. “ನಿಮಗೆ ಗೊತ್ತಿತ್ತು ಅಂದುಕೊಂಡಿದ್ದೆ.”

“ಯಾವ ಕೈ? ಏನಾಗಿತ್ತು?”

“ಕಿರುಬೆರಳು ಮಡಚಿಕೊಳ್ತಿತ್ತು. ಅಲ್ಲಿ ಶುರು ಮಾಡೋಕೆ ಆಗ್ತಿರಲಿಲ್ಲ.”

ಆ ಕಡೆ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು. “ಯಾರೂ ಹೇಳಲೇ ಇಲ್ಲ ನನಗೆ,” ಎಂದರು ಅವರು. “ಎರಡು ದಿನ ನೀನು ಬರಲಿಲ್ಲ. ಯಾರನ್ನೋ ಒಬ್ಬನ್ನ ಕರೆದು ಕೂರಿಸಿದೆ, ಬರೆದದ್ದು ಕಿವಿಗೆ ಬೀಳಬೇಕಲ್ಲ. ನೀನು ಬಾಗಿಲ ತನಕ ಬಂದು ಹೋದೆ ಅಂತ ಇವಳು ಹೇಳಿದ್ಲು. ನಿನಗೆ ನನ್ನ ಸಂಗೀತ ಹಿಡಿಸಲಿಲ್ಲ ಅಂದುಕೊಂಡೆ. ಕೇಳೋಕೆ ಮುಜುಗರ ಆಯ್ತು.”

“ಹಿಡಿಸಿತ್ತು,” ಎಂದಳು ಅವಳು.

“ಹ್ಞೂಂ.” ಮತ್ತೆ ಕೆಮ್ಮು. “ಶಾಯಿಯಲ್ಲಿ ಏನಿದೆ? ಎರಡು ಸ್ವರ ಅಲ್ವಾ, ಬೇರೆ ಬೇರೆ? ಆದರೂ ಗೆರೆ ಇದ್ರೆ ಇರಲಿ, ನುಡಿಸೋರಿಗೆ ಹಿತವಾದ್ರೆ ನಂದೇನು. ನಿನಗೆ ತೋಚಿದ ಹಾಗೆ ಮಾಡು.” ಊಟ ಆರಿಹೋಗುತ್ತೆ ಎಂದು ಆಕೆ ಹಿಂದಿನಿಂದ ಹೇಳಿದ್ದು ಕೇಳಿಸಿತು. ಈ ಕಡೆ ಬಂದರೆ ಮನೆಗೆ ಬಾ ಎಂದು ಅವರು ಹೇಳಿದರು, ಬರುತ್ತೇನೆ ಎಂದು ಅವಳು ಹೇಳಿದಳು.

ಕೆಳಗೆ ಬಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಷರವಾಗಿದ್ದರೆ ಯಾರದೆಂದು ಹೇಳಬಹುದಾಗಿತ್ತು, ಗೆರೆಗೆ ಕೈಬರಹವಿರುವುದಿಲ್ಲ. ಒಂದು ಚೂರು ಕಾಗದ ತೆಗೆದುಕೊಂಡು ಪೆನ್ಸಿಲಿನಲ್ಲಿ ಅಂಥದೇ ಬಾಗು ಎಳೆದಳು. ಹಾಗೇ ಇತ್ತು. ಇನ್ನೊಂದು ಎಳೆದಳು, ಅದು ಹಾಗಿರಲಿಲ್ಲ. ಅವರ ಭುಜ, ಸಾಬೂನಿನ ವಾಸನೆ, ಈಗ ನೋಡು ಎಂಬ ಮಾತು. ಆ ಮಾತನ್ನು ಅವರು ಬೇರೆ ಯಾವುದೋ ದಿನ ಬೇರೆ ಯಾವುದಕ್ಕೋ ಹೇಳಿದ್ದನ್ನು ತಂದು ಇಲ್ಲಿ ಸೇರಿಸಿಕೊಂಡಳೇ? ಯಾರೂ ಇಲ್ಲದಾಗ ಅವಳೇ, ತನ್ನ ಕೈ ಬಚಾವಾಗಲೆಂದು, ಗೆರೆ ಎಳೆದುಕೊಂಡು, ಅದನ್ನು ಅವರ ಪ್ರೀತಿಯ ಲೆಕ್ಕಕ್ಕೆ ಬರೆದುಕೊಂಡಳೇ? ಮುದುಕರಾದ ಅವರೇ ಮರೆತಿರಲೂಬಹುದು. ಕಿಟಕಿಗೆ ಬಣ್ಣ ಬಳಿದದ್ದು ಆ ಚಳಿಗಾಲದ ನಂತರ ಇರಲೂಬಹುದು. ಅವಳು ಆ ಸಣ್ಣ ಸಾಧ್ಯತೆಯನ್ನು ಸ್ವಲ್ಪ ಹೊತ್ತು ಹಿಡಿದು ಕೂತಳು. ಹಿಡಿಯುತ್ತಿದ್ದಂತೆಯೇ ಅದು ಸೋರಿತು. ನೋವು ಕೊಟ್ಟದ್ದು ಗೆರೆ ಅವರದಲ್ಲ ಎಂಬುದಲ್ಲ. ಆ ಕಡೆಯೂ ಒಬ್ಬರು, ಬಾ ಎಂದು ಕರೆಯಲು ಮುಜುಗರಪಟ್ಟುಕೊಂಡು, ಅವಳೇ ಹೇಳಲಿ ಎಂದು ಕಾದು, ಕಾದದ್ದನ್ನು ಮರೆತು, ಊಟ ಮಾಡಿ, ಮುದುಕರಾಗಿದ್ದರು. ಎರಡು ಮಾತು ಆಡಿದ್ದರೆ ಸಾಕಾಗಿತ್ತು. ಅವು ಎಂಥ ದೊಡ್ಡ ಮಾತೂ ಅಲ್ಲ. ಕೈ ನೋಯುತ್ತಿದೆ ಎಂಬಷ್ಟು.

ಸಂಜೆ ಅವಳು ಮೇಲಿನ ಅಭ್ಯಾಸದ ಕೋಣೆಗೆ ಹೋದಳು. ಹೋಗಬೇಕೆಂದಿರಲಿಲ್ಲ, ಹೊಸ ವಯೋಲಾದವಳಿಗೆ ಹಾಳೆ ತಿರುವಲು ಯಾರೂ ಇಲ್ಲವೆಂದು ಮುಖ್ಯಸ್ಥರು ಕಳಿಸಿದ್ದರು. ಮೂವತ್ತರ ಆಸುಪಾಸಿನ, ಚುರುಕು ಕಣ್ಣಿನ ಹೆಂಗಸು, ತಂತಿಗಳನ್ನು ಶ್ರುತಿಗೆ ತರುತ್ತಿದ್ದಳು. ಪಿಯಾನೊದವರು ಬಾಗಿಲ ಕಡೆ ತಲೆ ತಿರುಗಿಸಿದರು.

“ಬಂದ್ರಾ ಅಕ್ಷರಕ್ಕ. ನಿಮ್ಮ ಹೆಜ್ಜೆ ಗೊತ್ತಾಗುತ್ತೆ, ಕೋಣೆ ಒಳಗೆ ಬರೋ ಮುಂಚೆ ಒಂದು ಸಲ ನಿಲ್ಲುತ್ತೆ. ಏನಂದ್ರು ಅವರು?”

“ನನಗೆ ತೋಚಿದ ಹಾಗೆ ಮಾಡು ಅಂದ್ರು.”

“ಅದು ಉತ್ತರಾನಾ, ಜಾರಿಕೊಳ್ಳೋ ದಾರಿನಾ?”

“ಎರಡೂ,” ಎಂದಳು. ಅವರ ಮುಖವನ್ನು ನೋಡಲು ಅವಳಿಗೆ ಸಂಕೋಚವಾಯಿತು. ಆಮೇಲೆ, ನೋಡಿದರೂ ಅವರಿಗೆ ಗೊತ್ತಾಗುವುದಿಲ್ಲವೆಂದು ಹೊಳೆದು ನೋಡಿದಳು. ಸಾಧಾರಣ ಮುಖ, ಕ್ಷೌರ ಮಾಡುವಾಗ ತಪ್ಪಿಹೋದ ನಾಲ್ಕು ಕೂದಲು ಗಲ್ಲದ ಕೆಳಗೆ. ಅವಳ ಬಗ್ಗೆ ಎಲ್ಲವನ್ನೂ ಬಲ್ಲ ಮುಖ.

ವಯೋಲಾದವಳು ಆ ಜಾಗವನ್ನು ಮೊದಲು ಅಚ್ಚಿನಲ್ಲಿದ್ದಂತೆ ಎಳೆದು ಹಿಡಿದು ನುಡಿಸಿದಳು, ಆಮೇಲೆ ಒಂದೇ ಕಮಾನಿನಲ್ಲಿ ತಡೆದು ನುಡಿಸಿದಳು. ಎರಡೂ ಚೆನ್ನಾಗಿದ್ದವು. ಎಳೆದು ಹಿಡಿದದ್ದು ಕೋಣೆಯ ಮೂಲೆಗೆ ಹೋಗಿ ಅಲ್ಲಿ ನಿಧಾನವಾಗಿ ಇಲ್ಲವಾಯಿತು. ಅವಳ ಆ ಚಳಿಗಾಲದ ಸದ್ದು ಅದೇ.

“ಮೊದಲನೇದೇ ಇರಲಿ,” ಎಂದಳು ವಯೋಲಾದವಳು. “ಕೈಗೂ ಸುಲಭ.”

ಕೈಗೂ ಸುಲಭ. ಅಷ್ಟೇ ಆಗಿತ್ತು ಅದು. ಹಾಳೆ ತಿರುವಲು ಬಂದ ಅವಳು ಸಂಗೀತದ ಹಾಳೆಯ ಮೇಲೆ ಬಾಗಿ, ಅಚ್ಚಾದ ಆ ಬಾಗುಗೆರೆಯ ಮೇಲೆ ತನ್ನ ಬೆರಳಿಟ್ಟು ಮುಚ್ಚಿದಳು. ಕೆಳಗೆ ಎರಡು ಸ್ವರಗಳು ಬೇರೆಬೇರೆಯಾಗಿ ಉಳಿದವು.

“ಗೆರೆ ಇಲ್ಲ ಅಂದುಕೊಳ್ಳಿ,” ಎಂದಳು. “ಮೊದಲನೇದು ಮುಗಿಸಿ ಕಮಾನು ಎತ್ತಿ. ಪೂರ್ತಿ ಎತ್ತಿ. ಆಮೇಲೆ ಮತ್ತೆ ಇಡಿ.”

“ಅಯ್ಯೋ, ಅಲ್ಲಿ ಬೇರೆ ಏನೂ ಸದ್ದಿಲ್ಲವಲ್ಲ. ಅಂಥ ಕಡೆ ಎತ್ತಿ ಇಡೋದು ಕಷ್ಟ. ಯಾರಿಗಾದ್ರೂ ನಡುಗುತ್ತೆ.”

“ಯಾರಿಗಾದರೂ?” ಎಂದು ಅವಳು ಕೇಳಿದಳು.

“ಯಾರಿಗಾದ್ರೂ. ಇಂಥ ಜಾಗದಲ್ಲಿ ನಡುಗಲ್ಲ ಅನ್ನೋರು ಸುಳ್ಳು ಹೇಳ್ತಾರೆ.”

ಪಿಯಾನೊದವರು ಕೈಯನ್ನು ಕೀಲಿಗಳ ಮೇಲಿಟ್ಟು, “ನಡುಗಿದ್ರೆ ನಡುಗಲಿ. ನನಗೆ ಶುರುವಾದದ್ದು ಕೇಳಿಸಿದ್ರೆ ಸಾಕು. ಮೊದಲಿಂದ ಹೋಗೋಣ,” ಎಂದರು.

ಮೊದಲಿನಿಂದ ಶುರು ಮಾಡಿದರು. ಅವಳು ವಯೋಲಾದವಳ ಬಲಕ್ಕೆ ಸ್ವಲ್ಪ ಹಿಂದೆ ನಿಂತಿದ್ದಳು. ಅಕ್ಷರಗಳಾಗಿ, ಅಂಕಿಗಳಾಗಿ ಅವಳ ಬೆರಳ ತುದಿಯಿಂದ ವಾರಗಟ್ಟಲೆ ಸದ್ದಿಲ್ಲದೆ ಹಾದುಹೋಗಿದ್ದೆಲ್ಲ ಈಗ ಮರದಿಂದ, ತಂತಿಯಿಂದ, ಇನ್ನೊಬ್ಬಳ ತೋಳಿನಿಂದ ಹೊರಟು ಕೋಣೆಯನ್ನು ತುಂಬುತ್ತ ಬಂತು. ಅದು ತನ್ನ ತೋಳಾಗಿರಬೇಕಿತ್ತು ಎಂಬ ಆಸೆ ಎಷ್ಟು ಹಸಿಯಾಗಿತ್ತೆಂದರೆ ಅವಳ ಭುಜ ತಾನಾಗಿಯೇ ಮೇಲೆದ್ದಿತು. ನಲವತ್ತೊಂದನೆಯ ಮನೆ ಬಂತು. ಪಿಯಾನೊ ನಿಂತಿತು. ಮೊದಲ ಸ್ವರ ಬಂತು, ಮುಗಿಯಿತು, ಕಮಾನು ತಂತಿಯಿಂದ ಮೇಲೆದ್ದು ಗಾಳಿಯಲ್ಲಿ ನಿಂತಿತು. ಕಮಾನು ಇಳಿದು ತಂತಿಯನ್ನು ಮುಟ್ಟಿ ಕೂದಲೆಳೆಯಷ್ಟು ಅದುರಿತು. ಸ್ವರದ ಅಂಚು ಸ್ವಲ್ಪ ಒಡಕಾಗಿ ಹೊರಟು, ಒಡಕಿನೊಳಗಿಂದಲೇ ತುಂಬಿಕೊಂಡು, ನಿಂತಿತು. ಅದು ಶುರುವಾದದ್ದನ್ನು ಕೇಳಿಸಿಕೊಂಡ ಪಿಯಾನೊದವರು ತಲೆ ಬಾಗಿಸಿ, ಎಣಿಸಿ, ಅದರ ಕೆಳಗೆ ತಮ್ಮ ಸ್ವರಗಳನ್ನು ಒಂದೊಂದಾಗಿ ಇಡತೊಡಗಿದರು. ತನ್ನದು ಹಾಗೆ ಅದುರಿದ್ದರೂ ನಡೆಯುತ್ತಿತ್ತಲ್ಲ, ಆಗಲೂ ಹೀಗೇ ಆಗುತ್ತಿತ್ತಲ್ಲ ಎಂದು ಅವಳು ಅಂದುಕೊಳ್ಳುತ್ತಿರುವಾಗಲೇ ವಯೋಲಾದವಳು ನುಡಿಸುತ್ತಲೇ ತಲೆಯಾಡಿಸಿ ಸನ್ನೆ ಮಾಡಿದಳು, ಮತ್ತೊಮ್ಮೆ ಜೋರಾಗಿ ಮಾಡಿದಳು. ಹಾಳೆಯ ಕೊನೆಯ ಸಾಲು ಮುಗಿಯುತ್ತ ಬಂದಿತ್ತು. ಅವಳು ತಡಬಡಿಸಿ ಬಲಗೈ ಚಾಚಿ ಹಾಳೆಯನ್ನು ತಿರುವಿದಳು.